ಸರಾಸರಿಗೆ ಸೇರದವರು

ಗದಗ
ವಿಜಯನಾಮ ಸಂವತ್ಸರ, ಶಾಲಿವಾಹನ ಶಕೆ ೨೧೧೫, ಕಾರ್ತಿಕ ಬಹುಳ ಪಂಚಮಿ

ಇಲಿಗಳಿಗೆ ಆಹಾರ ತೂಗಿ ಹಾಕಿ ಅವು ಎಷ್ಟು ದಿನ ಬದುಕುತ್ತವೆ ಎಂದು ನೋಡುತ್ತಿರುವ ಹಿರಿಯರಿಗೆ ಅಂದಾನವ್ವ ಅಸುಂಡಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ನೀವು ಈ ಕಾಗದವನ್ನು ಮಡಚಿ ಇಟ್ಟರೆ ನಿಮ್ಮ ತಪ್ಪಿಲ್ಲ. ನಿಮ್ಮ ಎಣಿಕೆಯಲ್ಲಿ ಇದು ಕ್ರಿಸ್ತಶಕ ೨೧೯೩. ನೀವು ತೀರಿಕೊಂಡು ನೂರು ವರ್ಷದ ಮೇಲಾಗಿದೆ. ನನ್ನ ಬರವಣಿಗೆಯಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ. ನಿಮಗೆ ಗೊತ್ತಿರುವ ಕೆಲವು ಮಾತುಗಳು ನಮ್ಮಲ್ಲಿ ಕೆಟ್ಟು ಹೋಗಿವೆ. ನಿಮ್ಮ ಕಾಲದಲ್ಲಿ ದಾರಿಯಲ್ಲಿ ಎದುರಾದವರನ್ನು "ಊಟ ಆತೇನ್ರಿ?" ಎಂದು ಕೇಳುತ್ತಿದ್ದರಂತೆ. ಇಲ್ಲಿ ಹಾಗೆ ಕೇಳಿದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಇದಕ್ಕೆಲ್ಲ ಕ್ಷಮೆ ಇರಲಿ. ಕಾಗದ ಹಿಂದಕ್ಕೆ ನಡೆದು ನಿಮ್ಮನ್ನು ಮುಟ್ಟುವ ದಾರಿ ಇಲ್ಲವೆಂಬುದೂ ನನಗೆ ತಿಳಿದಿದೆ. ಮುಂದಿನವರಿಗೆ ಬರೆಯಬಹುದಿತ್ತು, ಆದರೆ ಮುಂದಿನವರು ನಾವು ಕಲಿಸಿದ್ದನ್ನೇ ಕಲಿತು ಬೆಳೆಯುವವರು. ಇನ್ನೂ ಕಲಿಯುತ್ತಿರುವವರು ನೀವೊಬ್ಬರೇ ಅನ್ನಿಸಿ ನಿಮಗೆ ಬರೆಯುತ್ತಿದ್ದೇನೆ.

ನಾನು ಗದಗಿನ ಆಯುಷ್ಯಶಾಲೆಯ ಇಲಿಮನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ಮುಪ್ಪನ್ನು ದೂರ ತಳ್ಳುವುದು ಹೇಗೆಂದು ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಜಾಗಕ್ಕೆ ನಾವು ಆಯುಷ್ಯಶಾಲೆ ಎನ್ನುತ್ತೇವೆ. ನೀವು ಹುಡುಕಿದ ದಾರಿಗಳೆಲ್ಲ ಅಲ್ಲಿ ಒಂದೊಂದು ಕೋಣೆಯಾಗಿ ಉಳಿದಿವೆ. ಸದಾ ತಂಪಿನಲ್ಲಿಟ್ಟ ಇಲಿಗಳ ಕೋಣೆಯಿದೆ. ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಮದ್ದು ತಿನ್ನುವ ಇಲಿಗಳದ್ದಿದೆ. ಎಳೆಯ ಇಲಿಯ ರಕ್ತವನ್ನು ಮುದಿ ಇಲಿಗೆ ಹಾಯಿಸುವ ಕೋಣೆಯೂ ಇತ್ತು, ಈಗ ಬೀಗ ಹಾಕಿದ್ದಾರೆ. ಇವೆಲ್ಲಕ್ಕಿಂತ ಸುಲಭವಾದದ್ದು ಊಟ ಕಡಿಮೆ ಮಾಡುವುದು. ಬೇಕಾದ್ದರಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ ಹಾಕಿದರೆ ಇಲಿ ಹೆಚ್ಚು ಕಾಲ ಬಾಳುತ್ತದೆ. ಮದ್ದು ಬೇಡ, ಯಂತ್ರ ಬೇಡ, ಯಾರ ಮನೆಯಲ್ಲಾದರೂ ಮಾಡಬಹುದು. ಹಾಗಾಗಿ ತೊಂಬತ್ತು ವರ್ಷದ ಹಿಂದೆ ಅದನ್ನೇ ಮನುಷ್ಯರಿಗೂ ಕಾಯಿದೆ ಮಾಡಿದರು. ಮಿತದ ಕಾಯಿದೆ ಎಂದು ಅದರ ಹೆಸರು. ಮಗುವಿಗೆ ಐದು ತುಂಬಿದ ದಿನದಿಂದ ತೂಕದೂಟ ಶುರು.

ತೂಕದೂಟವೆಂದರೆ ಏನೆಂದು ಹೇಳಬೇಕು. ಬೆಳಿಗ್ಗೆ ಅಂಗೈಯಗಲದ ಜೋಳದ ರೊಟ್ಟಿ ಒಂದು, ನಾಲ್ಕು ಚಮಚ ಹೆಸರುಕಾಳಿನ ಪಲ್ಯ. ಮಧ್ಯಾಹ್ನ ಮೂರಕ್ಕೆ ಅದರ ಅರ್ಧ. ಆಮೇಲೆ ನೀರು. ಹಬ್ಬದ ದಿನ ಎಲೆಯ ತುದಿಗೆ ಹೋಳಿಗೆಯ ಒಂದು ಚೂರು ಇಡುತ್ತಾರೆ. ನಾವು ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕರಗುವ ತನಕ ಮಾತಾಡದೆ ಕೂಡುತ್ತೇವೆ. ತೇಗು ಎಂದರೇನೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಚೈತ್ರದ ಬಿಸಿಲಿನಲ್ಲೂ ನಮಗೆ ಚಳಿಯಾಗುತ್ತದೆ, ಬಜಾರಿನಲ್ಲಿ ಎಲ್ಲರೂ ಉಣ್ಣೆಯ ಅಂಗಿ ತೊಟ್ಟು ಓಡಾಡುತ್ತಾರೆ. ಹಳೆಯ ಮನೆಗಳ ಬಾಗಿಲುಗಳು ನಮಗೆ ಎತ್ತರವಾಗಿ ಕಾಣುತ್ತವೆ, ಚಿಲಕಕ್ಕೆ ಕೈ ಎಟುಕುವುದಿಲ್ಲ. ಶಾಲೆಯ ಹೊಸ್ತಿಲಿನಲ್ಲಿ ತೂಗುಮಣೆ ಎಂಬ ಹಲಗೆಯಿರುತ್ತದೆ. ಸೋಮವಾರ ಮಕ್ಕಳು ಒಬ್ಬೊಬ್ಬರಾಗಿ ಅದರ ಮೇಲೆ ಕಾಲಿಟ್ಟು ಒಳಗೆ ಹೋಗಬೇಕು. ಮೂರು ಸೋಮವಾರ ಭಾರ ಹೆಚ್ಚಾದರೆ ಮನೆತನದ ಹೆಸರನ್ನು ಶಾಲೆಯ ಗೋಡೆಯ ಮೇಲೆ ಬರೆಯುತ್ತಾರೆ. ಆ ಗೋಡೆಯ ಮುಂದೆ ಹಾಯುವಾಗ ಜನ ತಲೆ ತಗ್ಗಿಸುವುದನ್ನು ನಾನು ಕಂಡಿದ್ದೇನೆ. ಆದರೂ ಕಾಯಿದೆಯನ್ನು ಯಾರೂ ಬೈಯುತ್ತಿರಲಿಲ್ಲ. ನಾವು ನೂರು ದಾಟಿ ಬದುಕುತ್ತಿದ್ದೆವು. ನೂರು ದಾಟಿದ ಮುದುಕರು ತೋಂಟದ ಕೆರೆಯ ದಂಡೆಯ ಮೇಲೆ ಮೂರು ಗಂಟೆಯ ಊಟಕ್ಕೆ ಕಾಯುತ್ತ ಸಾಲಾಗಿ ಕೂತಿರುತ್ತಾರೆ. ನೋಡಿದವರಿಗೆ ಹೆಮ್ಮೆಯಾಗಬೇಕು.

ನನ್ನ ಗಂಡ ಕಪ್ಪತಗುಡ್ಡದ ಗಾಳಿಯಂತ್ರದ ಕಂಬದಿಂದ ಬಿದ್ದು ತೀರಿಕೊಂಡಾಗ ನಾನು ಬಸುರಿ. ಮಗಳು ಹುಟ್ಟಿದಳು, ಮುಕ್ತಾ ಎಂದು ಹೆಸರಿಟ್ಟೆ. ಮನೆಯಲ್ಲಿ ಇದ್ದವರು ಅವಳು, ನಾನು ಮತ್ತು ನನ್ನ ಅತ್ತೆ ಸಕ್ರವ್ವ. ಅತ್ತೆಗೆ ಈಗ ಎಪ್ಪತ್ತಾರು. ಗುಡ್ಡದ ಬುಡದ ಹಳ್ಳಿಯಲ್ಲಿ ಹುಟ್ಟಿದವರು, ಅಲ್ಲಿಗೆ ಕಾಯಿದೆ ತಡವಾಗಿ ಬಂತು, ಬಂದ ಮೇಲೂ ಅಷ್ಟಾಗಿ ಕಾಲೂರಲಿಲ್ಲ. ಅವರು ಹೊಟ್ಟೆ ತುಂಬ ಉಂಡು ಬೆಳೆದವರು. ಗದಗಿಗೆ ಸೊಸೆಯಾಗಿ ಬಂದ ಮೇಲೂ ಕದ್ದು ಉಣ್ಣುವುದನ್ನು ಬಿಡಲಿಲ್ಲ. ಅವರ ಟ್ರಂಕಿನಲ್ಲಿ ಶೇಂಗಾ, ಬೆಲ್ಲ, ಹುರಿಗಡಲೆ ಇರುವುದು ನನಗೆ ಗೊತ್ತಿತ್ತು. ವಯಸ್ಸಾದವರು, ಇರಲಿ ಎಂದು ಸುಮ್ಮನಿದ್ದೆ.

ಈಗ ಇಲಿಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಊಟದ ಪ್ರಯೋಗಕ್ಕೆ ಎರಡು ಕೋಣೆಗಳಿದ್ದವು. ಮೂಡಣದ ಕೋಣೆಯಲ್ಲಿ ಬೇಕಾದಷ್ಟು ತಿನ್ನುವ ಇಲಿಗಳು, ಪಡುವಣದ ಕೋಣೆಯಲ್ಲಿ ತೂಕದೂಟದವು. ಒಂದೊಂದರಲ್ಲಿ ಇನ್ನೂರ ನಲವತ್ತು. ಮೂಡಣದವು ಉಂಡು ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದವು. ಪಡುವಣದವು ಇಡೀ ದಿನ ಚಕ್ರ ತಿರುಗಿಸುತ್ತಿದ್ದವು, ಗೂಡಿನ ಸರಳು ಕಡಿಯುತ್ತಿದ್ದವು. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಎದ್ದು ನಿಲ್ಲುತ್ತಿದ್ದವು. ಒಳಗೆ ಹೋಗಬೇಕಾದರೆ ನಾವು ಮಿಂದು, ಬೇರೆ ಬಟ್ಟೆ ತೊಟ್ಟು, ಸೋಸಿದ ಗಾಳಿಯ ಬಾಗಿಲು ದಾಟಬೇಕು. ಹೊರಗಿನ ಒಂದು ರೋಗಾಣುವೂ ಅಲ್ಲಿಗೆ ಬಾರದು.

ಮುಕ್ತಾಳಿಗೆ ಐದು ತುಂಬಿದ ವರ್ಷ ಶ್ರಾವಣದ ಗಾಳಿಗೆ ಇಲಿಮನೆಯ ಹಿಂಬದಿಯ ಜಾಲರಿ ಹರಿಯಿತು. ಹೊಲದ ಇಲಿಯೊಂದು ನುಗ್ಗಿ ಆಹಾರದ ಡಬ್ಬಗಳ ಹಿಂದೆ ಸತ್ತುಬಿದ್ದಿತ್ತು. ಮೂರನೆಯ ದಿನ ಅದನ್ನು ಕಂಡವಳು ನಾನೇ. ಅಷ್ಟರಲ್ಲಿ ಎರಡೂ ಕೋಣೆಗಳಲ್ಲಿ ಸೀನು, ಕೆಮ್ಮು ಶುರುವಾಗಿತ್ತು. ಮೂಡಣದವು ನಾಲ್ಕೈದು ದಿನ ಮಂಕಾಗಿ ಕೂತು, ಮತ್ತೆ ಉಣ್ಣಲು ಹತ್ತಿದವು, ಇಪ್ಪತ್ತೆಂಟು ಮಾತ್ರ ಸತ್ತವು. ಪಡುವಣದವು ಸೀನಿದ ಮರುದಿನವೇ ಅಡ್ಡ ಬೀಳುತ್ತಿದ್ದವು. ಒಂಬತ್ತು ದಿನಗಳಲ್ಲಿ ಇನ್ನೂರ ಹನ್ನೊಂದನ್ನು ನಾನು ಕೈಯಾರೆ ಎತ್ತಿ ಸುಡುವ ಪೆಟ್ಟಿಗೆಗೆ ಹಾಕಿದೆ. ಅವು ಕೈಗೆ ಭಾರವೇ ಆಗುತ್ತಿರಲಿಲ್ಲ.

ಇಲಿಮನೆಯ ಮೇಲ್ವಿಚಾರಣೆ ಡಾಕ್ಟರ್ ಇರಾವತಿ ಬಿಂಕದಕಟ್ಟಿಯವರದು. ಕೆಟ್ಟವರಲ್ಲ. ತಾವೂ ತೂಕದೂಟವನ್ನು ಚಾಚೂ ತಪ್ಪದೆ ಮಾಡುವವರು. ಮಣಿಕಟ್ಟಿನ ಎಲುಬು ಎದ್ದು ಕಾಣುತ್ತಿತ್ತು. ನಾನು ಹೋಗಿ ಅವರ ಮೇಜಿನ ಮುಂದೆ ನಿಂತೆ.

"ಬಾಯಾರ, ಇದನ್ನ ಬರೀಬೇಕಲ್ರಿ? ಉಂಡ ಇಲಿ ಉಳದಾವು, ಅರೆಹೊಟ್ಟಿ ಇಲಿ ಸತ್ತಾವು."

"ಅಂದಾನವ್ವ, ನಾವು ಕೇಳಿದ ಪ್ರಶ್ನಿ ಮುಪ್ಪಿಂದು. ಜ್ವರದ್ದಲ್ಲ. ಜ್ವರದಿಂದ ಸತ್ತದ್ದನ್ನ ಮುಪ್ಪಿನಿಂದ ಸತ್ತದ್ದರ ಜೋಡಿ ಕೂಡಿಸಿದ್ರ ಸರಾಸರಿ ಕೆಡ್ತದ. ಇದಕ್ಕ ಗೂಡಿನ ಅವಘಡ ಅಂತಾರ. ಅವಘಡ ಸೇರಸೂದಿಲ್ಲ."

"ಮಂದಿಗೂ ಜ್ವರ ಬಂದ್ರರೀ?"

"ಎಲ್ಲಿಂದ ಬರ್ತದ? ನೀರು ಸೋಸ್ತೇವಿ, ಮನಿಮನಿಗೆ ಗಾಳಿ ಸೋಸ್ತೇವಿ. ಅರವತ್ತು ವರ್ಷ ಆತು, ಈ ಊರಾಗ ದೊಡ್ಡ ಜ್ವರ ಯಾರು ನೋಡ್ಯಾರ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸತ್ತವುಗಳನ್ನು ಎತ್ತಿದವಳ ಸಹಿ ಬೇಕಿತ್ತು. "ಗೂಡಿನ ಅವಘಡ, ಪರಿಗಣಿಸಿಲ್ಲ" ಎಂದು ಬರೆದಿದ್ದ ಹಾಳೆಯ ಕೆಳಗೆ ನಾನು ಸಹಿ ಮಾಡಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಆಗ ಮುಕ್ತಾಳ ತೂಕದೂಟ ಶುರುವಾಗಿ ಹದಿನೈದು ದಿನವಾಗಿತ್ತು. ಶಾಲೆಯವರು ಬರೆದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ "ನಿರೀಕ್ಷಿತ ಆಯುಷ್ಯ ನೂರಾ ಹದಿನೆಂಟು" ಎಂದಿತ್ತು. ಅದು ಸುಳ್ಳಾಗುವುದು ನನಗೆ ಬೇಕಿರಲಿಲ್ಲ. ಗಂಡನ ಆಯುಷ್ಯವೂ ಅವಳಿಗೇ ಬಂದಿದೆ ಎಂದು ನಾನು ಒಳಗೊಳಗೆ ಅಂದುಕೊಂಡಿದ್ದೆ.

ಮೂರು ವರ್ಷ ಕಳೆಯಿತು. ಒಂದು ಸೋಮವಾರ ತೂಗುಮಣೆಯ ಮೇಲೆ ಮುಕ್ತಾಳ ಭಾರ ಹೆಚ್ಚು ಬಂತು. ಮುಂದಿನ ಸೋಮವಾರವೂ ಹೆಚ್ಚು. ನನಗೆ ಶಾಲೆಯಿಂದ ಕರೆ ಬಂತು. ತಲೆ ತಗ್ಗಿಸಿ ಮಾತು ಕೇಳಿ, ಅಂದು ಮಧ್ಯಾಹ್ನವೇ ಮನೆಗೆ ಹೋದೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಜ್ಜಿ, ಮೊಮ್ಮಗಳು ಕೂತಿದ್ದರು. ನಡುವೆ ತಟ್ಟೆಯಲ್ಲಿ ಎರಡು ಶೇಂಗಾ ಹೋಳಿಗೆ, ಮೇಲೆ ತುಪ್ಪ. ಮುಕ್ತಾಳ ಗದ್ದದ ಮೇಲೆ ತುಪ್ಪ ಇಳಿದಿತ್ತು. ಅವಳು ನಗುತ್ತಿದ್ದಳು. ಆ ನಗು ನಾನು ಅದಕ್ಕೂ ಮೊದಲು ನೋಡಿದ್ದಲ್ಲ, ಆಮೇಲೂ ನೋಡಲಿಲ್ಲ. ನನ್ನನ್ನು ಕಂಡು ಬಾಯಲ್ಲಿದ್ದದ್ದನ್ನು ಉಗುಳಿ ಎದ್ದು ನಿಂತಳು.

"ಅತ್ತೀ, ಆಕಿ ಆಯುಷ್ಯಾ ತಿನ್ನಾಕತ್ತೀರಲ್ಲ ನೀವು," ಎಂದೆ.

"ನಾ ಏನ್ ತಿಂದ್ನೆ? ಕೂಸು ಹಸದೈತಿ ಅಂದ್ರ ಕಾಯ್ದೆ ಕೇಳ್ಕೊಂತ ಕೂಡ್ಲೇನು? ಮೈ ನೋಡ ಆಕೀದು, ಹಂಚಿಕಡ್ಡಿ ಆಗೇತಿ."

"ನೂರಾ ಹದಿನೆಂಟು ವರ್ಷ ಐತ್ರಿ ಆಕೀಗೆ!"

"ಇವತ್ತಿಂದು ಕೊಡು ಮೊದ್ಲ," ಎಂದರು ಅತ್ತೆ. "ಇವತ್ತ ಹಸದೈತಿ ಅದು."

ನಾನು ಕೇಳಲಿಲ್ಲ. ಇಲಿಮನೆಯಲ್ಲಿ ಇದ್ದವಳು ನಾನು, ಎಲ್ಲ ಬಲ್ಲವಳು ನಾನು. ಮುಕ್ತಾಳನ್ನು ಎಳೆದು ಅತ್ತೆಯ ಮುಂದೆ ನಿಲ್ಲಿಸಿದೆ. "ಆಕಿ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡ್ರಿ, ಇನ್ನ ಒಂದ ತುತ್ತೂ ಹೆಚ್ಚಿಗೆ ಕೊಡಂಗಿಲ್ಲ ಅಂತ." ಅತ್ತೆ ಕೈ ಒರೆಸಿಕೊಂಡು ಕೂಸಿನ ತಲೆಯ ಮೇಲೆ ಇಟ್ಟರು. ಆಣೆ ಮಾಡಿದರು. ಅವರು ಅದನ್ನು ಒಂದು ದಿನವೂ ಮುರಿಯಲಿಲ್ಲ. ಮುರಿದಿದ್ದರೆ ಎಂದು ನಾನು ದಿನಾ ಅಂದುಕೊಳ್ಳುತ್ತೇನೆ. ತಾವು ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದರು. ಮುಕ್ತಾ ಆ ಬಾಗಿಲಿನ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ವಾಸನೆಗೆ ಕೂತಿರುತ್ತಿದ್ದಳು. ಮುಂದಿನ ಸೋಮವಾರ ಅವಳ ಭಾರ ಸರಿಯಾಗಿತ್ತು. ಗೋಡೆಯ ಮೇಲೆ ನಮ್ಮ ಹೆಸರು ಬರಲಿಲ್ಲ. ನನಗೆ ಆಗ ಸಮಾಧಾನವಾಗಿತ್ತು ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಹೋದ ವರ್ಷ, ನಂದನ ಸಂವತ್ಸರದ ಮಾಘದಲ್ಲಿ, ತುಂಗಭದ್ರೆಯ ಆಚೆಯ ಊರುಗಳಿಂದ ಒಣಗೆಮ್ಮು ಬಂತು. ಹಾಗೆಂದು ನಾವು ಹೆಸರಿಟ್ಟೆವು, ಏಕೆಂದರೆ ಅದಕ್ಕೆ ಕಫವಿಲ್ಲ. ಜ್ವರವೂ ಇಲ್ಲ. ಜ್ವರ ಏರಿಸಲು ಮೈಯಲ್ಲಿ ಕಸುವು ಬೇಕಂತೆ. ನಮ್ಮ ಮೈಗಳಲ್ಲಿ ಅದು ಇರಲಿಲ್ಲ. ಸೋಸಿದ ಗಾಳಿ, ಸೋಸಿದ ನೀರು ಏನೂ ತಡೆಯಲಿಲ್ಲ. ಮೊದಲ ವಾರ ಬೆಟಗೇರಿಯಲ್ಲಿ, ಎರಡನೆಯ ವಾರ ನಮ್ಮ ಓಣಿಯಲ್ಲಿ. ಮುಕ್ತಾ ಶಾಲೆಯಿಂದ ಬಂದು ಚೀಲ ಇಟ್ಟು ಗೋಡೆ ಹಿಡಿದು ಕೂತಳು. ಒಂದು ಸಲ ಕೆಮ್ಮಿದಳು. ಆ ಸಪ್ಪಳ ನನಗೆ ಗೊತ್ತಿತ್ತು. ಇನ್ನೂರ ಹನ್ನೊಂದು ಸಲ ಕೇಳಿದ್ದೆ.

ಆಸ್ಪತ್ರೆಯ ಮಂಚಗಳು ತುಂಬಿದ್ದವು. ವೈದ್ಯರೊಬ್ಬರು ಮನೆಗೇ ಬಂದು ಮದ್ದು ಕೊಟ್ಟು, ನನ್ನ ಕಣ್ಣು ನೋಡದೆ ಹೋದರು. ನಾನು ಕಾಯಿದೆಯನ್ನು ಬದಿಗಿಟ್ಟು ಗೋಧಿ ಹುಗ್ಗಿ ಮಾಡಿದೆ, ಹಾಲು ಕಾಸಿದೆ, ಅತ್ತೆಯ ಟ್ರಂಕು ತೆಗೆದು ಶೇಂಗಾ ಕುಟ್ಟಿದೆ. ತೊಡೆಯ ಮೇಲೆ ಮಲಗಿಸಿಕೊಂಡು ಚಮಚದಿಂದ ತುಟಿಗೆ ಹಚ್ಚಿದೆ. ಎರಡು ಚಮಚ ಹೋಯಿತು. ಮೂರನೆಯದಕ್ಕೆ ಅವಳು ಬಾಯಿ ಮುಚ್ಚಿದಳು.

"ಸಾಕವ್ವಾ. ಹೆಚ್ಚಾತು."

"ಹೆಚ್ಚಾಗಿಲ್ಲವ್ವಾ, ಉಣ್ಣು. ಎಷ್ಟ ಬೇಕಾದ್ರೂ ಉಣ್ಣು."

"ಸೋಮಾರ ತೂಗೂದೈತಿ," ಎಂದಳು.

ಅತ್ತೆಗೂ ಅದೇ ಕೆಮ್ಮು ಬಂದಿತ್ತು, ನನ್ನನ್ನು ಮಾತ್ರ ಮುಟ್ಟಲಿಲ್ಲ. ಅವರ ಮೈ ಕೆಂಡದಂತೆ ಸುಡುತ್ತಿತ್ತು. ಐದು ದಿನ ಕಂಬಳಿ ಹೊದ್ದು ನರಳಿ, ಆರನೆಯ ದಿನ ಬೆವತು ಎದ್ದು ಕೂತು ನೀರು ಕೇಳಿದರು. ಮುಕ್ತಾ ಹಿಂದಿನ ದಿನ ಬೆಳಿಗ್ಗೆ ಹೋಗಿದ್ದಳು. ಅವಳಿಗೆ ಹನ್ನೊಂದು ವರ್ಷ. ಅತ್ತೆಗೆ ಹೇಳಬೇಕಾದವಳು ನಾನು. ಹೇಳಿದೆ. ಅವರು ತಮ್ಮ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡರು. ಕೂಸಿನ ತಲೆಯ ಮೇಲೆ ಇಟ್ಟಿದ್ದ ಕೈ ಅದು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ, ಇಂದಿಗೂ ಆಡಿಲ್ಲ.

ಯುಗಾದಿಗೆ ಆಯುಷ್ಯಶಾಲೆಯವರು ವರ್ಷದ ಸರಾಸರಿಯನ್ನು ಓದಿ ಹೇಳುವ ವಾಡಿಕೆ. ಪಂಚಾಂಗ ಓದಿದ ಮೇಲೆ ಅದನ್ನು ಓದುತ್ತಾರೆ. ಗದಗಿನ ಸರಾಸರಿ ಆಯುಷ್ಯ ನೂರಾ ನಾಲ್ಕರಿಂದ ನೂರಾ ಆರಕ್ಕೆ ಏರಿದೆ ಎಂದು ಓದಿದರು. ಜನ ಎಂದಿನಂತೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಬಹಳ ತೆಳುವಾಗಿತ್ತು, ತಟ್ಟುವವರೇ ಕಡಿಮೆಯಾಗಿದ್ದರು. ಓದಿದ ಹಾಳೆಯನ್ನು ಗೋಡೆಗೆ ಹಚ್ಚಿದರು; ಅದರ ಕೊನೆಗೆ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ನಾನು ಹತ್ತಿರ ಹೋಗಿ ಓದಿದೆ. "ಒಣಗೆಮ್ಮಿನ ಅವಘಡದಲ್ಲಿ ತೀರಿಕೊಂಡವರನ್ನು ಪರಿಗಣಿಸಿಲ್ಲ."

ನೇರವಾಗಿ ಇರಾವತಿಯವರ ಬಳಿ ಹೋದೆ. "ಬಾಯಾರ, ನನ್ನ ಮಗಳು ಅವಘಡ ಅಲ್ರಿ," ಎಂದೆ.

ಅವರು ಮುದುಕಿಯಾಗಿದ್ದರು. "ನನ್ನ ತಮ್ಮನೂ ಅದರಾಗ ಇದ್ದಾನ ಅಂದಾನವ್ವ. ಅವನ ಹೆಸರೂ ಎಲ್ಲಿಲ್ಲ. ನಾನು ಮ್ಯಾಲಿನವರಿಗೆ ಬರದೆ. ಆರು ವರ್ಷದ ಹಿಂದಿನ ಇಲಿಗಳದ್ದೂ ಬರದೆ. ಇದು ನೂರಾರು ವರ್ಷದಿಂದ ಬಂದ ಪದ್ಧತಿ, ಹಿಂದಿನವರೂ ಹೀಂಗ ಮಾಡ್ಯಾರ, ಈಗ ಬದಲಿ ಮಾಡಿದ್ರ ಹಳೇದಕ್ಕೂ ಹೊಸದಕ್ಕೂ ಹೊಂದಾಣಿಕಿ ಆಗೂದಿಲ್ಲ ಅಂದ್ರು." ಆಮೇಲೆ, "ನೀ ಸಹಿ ಮಾಡಬಾರದಿತ್ತು," ಎಂದರು. ಮತ್ತೆ, "ನಾ ಮಾಡಸಬಾರದಿತ್ತು," ಎಂದರು.

ಅಲ್ಲಿಂದ ಎದ್ದು ಪಡುವಣದ ಕೋಣೆಗೆ ಹೋದೆ. ಹೊಸ ಇಲಿಗಳು ಬಂದಿದ್ದವು, ಮತ್ತೆ ಇನ್ನೂರ ನಲವತ್ತು. ನನ್ನ ಸಪ್ಪಳಕ್ಕೆ ಎಲ್ಲ ಎದ್ದು ನಿಂತವು. ಡಬ್ಬಗಳನ್ನು ಹೊತ್ತು ತಂದು ಎಲ್ಲ ಗೂಡುಗಳಿಗೆ ತುಂಬ ತುಂಬ ಸುರಿದೆ. ಅವು ಮೊದಲು ನಂಬಲಿಲ್ಲ, ಮೂಸಿ ಹಿಂದೆ ಸರಿದವು. ಆಮೇಲೆ ಉಂಡವು. ಒಂದೊಂದಾಗಿ ಚಕ್ರಗಳು ನಿಂತವು. ಒಂದರ ಮೇಲೊಂದು ಒರಗಿ ಮಲಗಿದವು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆ ಅಷ್ಟು ಸುಮ್ಮನಾದದ್ದು ಅದೊಂದೇ ದಿನ. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ.

ನನ್ನನ್ನು ಕೆಲಸದಿಂದ ತೆಗೆದರು, ಅದು ದೊಡ್ಡ ಮಾತಲ್ಲ. ತೂಕದೂಟ ಕೆಟ್ಟ ಇಲಿಗಳು ಆ ಕೋಣೆಗೂ ಸಲ್ಲವು, ಈ ಕೋಣೆಗೂ ಸಲ್ಲವು ಎಂದು ಆ ವಾರವೇ ಎಲ್ಲವನ್ನೂ ಕೊಂದು ಸುಟ್ಟರಂತೆ. ಅದನ್ನು ತಿಳಿಸಲು ಇರಾವತಿಯವರೇ ಮನೆಗೆ ಬಂದಿದ್ದರು. ಹೊಟ್ಟೆ ತುಂಬಿಸಿ ಕೊಂದವಳು ನಾನೇ ಎಂದಂತಾಯಿತು.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಇಲಿ ಹೆಚ್ಚು ದಿನ ಬದುಕಿದರೆ ಬರೆಯಿರಿ, ಅದು ನಿಮ್ಮ ಕೆಲಸ. ಅದು ಏನೂ ಆಗದ ಗೂಡಿನಲ್ಲಿ ಬದುಕಿತು ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಡುವೆ ಸತ್ತದ್ದು ಯಾವುದು, ಯಾಕೆ ಸತ್ತಿತು, ಅಂದು ಅದರ ಹೊಟ್ಟೆಯಲ್ಲಿ ಏನಿತ್ತು, ಅದನ್ನೂ ಬಿಡಬೇಡಿ. ನೀವು ಬರೆದರೂ ನಮ್ಮವರು ಓದುತ್ತಿದ್ದರೆಂಬ ನಂಬಿಕೆ ನನಗಿಲ್ಲ. ಕಾಯಿದೆ ಹಾಗೆಯೇ ಇದೆ. ಮೊನ್ನೆ ಶಾಲೆಗೆ ಹೊಸ ತೂಗುಮಣೆ ತಂದರು; ಮಕ್ಕಳು ಕಡಿಮೆಯಾದ್ದರಿಂದ ಸಣ್ಣದು ಸಾಕಾಯಿತು.

ಅತ್ತೆ ಈಗ ನನಗೆ ದಿನಾ ಎರಡು ಹೊತ್ತು ತಟ್ಟೆ ತುಂಬ ಬಡಿಸುತ್ತಾರೆ. ಮುಂದೆ ಕೂಡುತ್ತಾರೆ, ನಾನು ಮುಗಿಸುವ ತನಕ ಏಳುವುದಿಲ್ಲ. ನಾನು ಉಣ್ಣುತ್ತೇನೆ. ಹೋದ ತಿಂಗಳು ಆಸ್ಪತ್ರೆಯಲ್ಲಿ ಎಲ್ಲರನ್ನೂ ತಪಾಸಣೆ ಮಾಡಿದರು. ನನ್ನನ್ನು ನೋಡಿದವಳು ಚಿಕ್ಕ ವಯಸ್ಸಿನ ಹುಡುಗಿ, ಈಗಷ್ಟೇ ಓದು ಮುಗಿಸಿ ಬಂದವಳು. ನನ್ನ ಎದೆ, ರಕ್ತ, ಎಲುಬು ಎಲ್ಲ ನೋಡಿ ಅವಳ ಮುಖ ಅರಳಿತು. "ಎಲ್ಲಾ ಗಟ್ಟಿ ಐತ್ರಿ ಅವ್ವಾರ," ಎಂದಳು. "ಇನ್ನ ಅರವತ್ತು ವರ್ಷ ನಿಮಗ ಏನೂ ಚಿಂತಿಲ್ಲ."

ಒಳ್ಳೇದಾತವ್ವ ಎಂದು ಎದ್ದು ಬಂದೆ.

ನೀವು ಸುಖವಾಗಿರಿ. ಹೊಟ್ಟೆ ತುಂಬ ಉಣ್ಣಿರಿ.

ಅಂದಾನವ್ವ ಅಸುಂಡಿ